ಬೆಲ್ಟ್ ನಿಲ್ಲಿಸಿದ ವಿಳಾಸ

ಬೆಲ್ಟ್ ಗಕ್ಕನೆ ನಿಂತಿತು. ಅದರ ಜೊತೆಗೇ ಮೇಲಿನ ದೀಪಗಳೂ ಆರಿ, ಕಿಟಕಿಗಳಿಲ್ಲದ ಆ ಶೆಡ್ಡು ನಡುಮಧ್ಯಾಹ್ನದಲ್ಲೇ ಮಬ್ಬಾಯಿತು. ಆ ಮಬ್ಬಿನಲ್ಲಿ ಒಬ್ಬಳು ಜೋರಾಗಿ ಚಪ್ಪಾಳೆ ತಟ್ಟಿದಳು.

"ನಿಂತಿತು! ನೋಡಿದ್ರಾ ಎಲ್ಲರೂ? ಯಾರೂ ಮುಟ್ಟಲಿಲ್ಲ, ತಾನಾಗೇ ನಿಂತಿತು!"

ಚಪ್ಪಾಳೆ ತಟ್ಟಿದವಳು ಜರಡಿ. ಪಾರ್ಸೆಲ್ ವಿಂಗಡಿಸುವ ಆ ಶೆಡ್ಡಿನ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಅಕ್ಷರಗಳ ರಾಶಿಯೊಳಗಿಂದ ಬೇಕಾದದ್ದನ್ನು ಮಾತ್ರ ಸೋಸಿ ತೆಗೆಯುವ ಸೂತ್ರಕ್ಕೆ ಕಸುಬಿನವರು ರೆಜೆಕ್ಸ್ ಎನ್ನುತ್ತಾರೆ. ಬೆಲ್ಟಿನ ಕೆಲಸಗಾರರಿಗೆ ಆ ಪದ ನಾಲಿಗೆಗೆ ಹತ್ತದೆ ಅದನ್ನು ಜರಡಿ ಎಂದರು, ಆಮೇಲೆ ಬರೆಯುವವಳನ್ನೂ ಹಾಗೆಯೇ ಕರೆದರು. ಅವಳಿಗೂ ಆ ಹೆಸರು ಬಲು ಇಷ್ಟ.

"ಮೊದಲು ದೀಪ ಹಾಕಿಸ್ರೀ," ಎಂದು ಗೊಣಗಿದರು ಶೆಡ್ಡಿನ ವ್ಯವಸ್ಥಾಪಕರು. ಬೆನ್ನ ಹಿಂದೆ ಅವರಿಗೆ ಉಳಿತಾಯ ಸಾಹೇಬರೆಂದು ಹೆಸರು. ನಿಂತ ಬೆಲ್ಟನ್ನು ಯಾರು ನೋಡಬೇಕು ಎಂದು ವಾದಿಸಿ, ದೀಪಗಳನ್ನೂ ಕಾವಲು ಕ್ಯಾಮೆರಾಗಳನ್ನೂ ಬೆಲ್ಟಿನ ಮೋಟಾರಿಗೇ ಕಟ್ಟಿಸಿದ ಮಹಾನುಭಾವರು ಅವರೇ. ಬೆಲ್ಟ್ ನಿಂತರೆ ಶೆಡ್ಡಿಗೆ ಕಣ್ಣು ಕಟ್ಟಿದ ಹಾಗೆ. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕೆ?

ಒಂದೇ ತಿಂಗಳಲ್ಲಿ ಬೆಲ್ಟ್ ಮೂರು ಸಲ ನಿಂತು, ಪ್ರತಿಸಲವೂ ಒಂದೊಂದು ಬೆಲೆಬಾಳುವ ಪೆಟ್ಟಿಗೆ ಮಾಯವಾಗಿ, ಕೆಂಪು ಗುಂಡಿಯ ಪಕ್ಕ ಕೂರುವ ಜರಡಿಯ ತಮ್ಮನ ಮೇಲೆ ಎಲ್ಲರ ಬೆರಳೂ ತಿರುಗಿತ್ತು. ಬೆಲ್ಟನ್ನು ತುರ್ತಾಗಿ ನಿಲ್ಲಿಸುವ ಗುಂಡಿ ಅದೊಂದೇ. ವಿಮಾ ಕಂಪನಿಯ ತನಿಖಾಧಿಕಾರಿ ಇಂದು ಸಂಜೆ ಹೊರಡುವಾಗ ತಮ್ಮನ ಹೆಸರನ್ನು ಪೊಲೀಸರಿಗೆ ಕೊಟ್ಟೇ ಹೋಗುವುದೆಂದು ತೀರ್ಮಾನವಾಗಿತ್ತು. ಅಷ್ಟರೊಳಗೆ ಗುಂಡಿ ಒತ್ತದೆಯೂ ಬೆಲ್ಟ್ ನಿಲ್ಲುತ್ತದೆ ಎಂದು ತೋರಿಸಿಕೊಟ್ಟರೆ ತಮ್ಮ ಬಚಾವು.

ತೋರಿಸಿಯಾಯಿತು. ಜರಡಿಯ ಮುಖ ಊರಗಲವಾಗಿತ್ತು.

ತಮ್ಮ ಎದ್ದು ಹೋಗಿ ಯಂತ್ರವನ್ನು ಮತ್ತೆ ಚಾಲೂ ಮಾಡಿದ. ದೀಪ ಬಂತು. ಬೆಲ್ಟಿನ ನಡುವೆ, ವಿಳಾಸ ಓದುವ ಕಣ್ಣಿನ ಕೆಳಗೆ, ಒಂದು ಖಾಲಿ ಡಬ್ಬ ಕುಳಿತಿತ್ತು. ಮೊದಲ ಕಳವಿನ ದಿನ ಕಣ್ಣಿನ ಕೆಳಗೆ ಸಿಕ್ಕಿಕೊಂಡಿದ್ದ ವಿಳಾಸವನ್ನು ಯಂತ್ರದ ದಾಖಲೆಯಿಂದ ತೆಗೆದು, ಚೀಟಿ ಮಾಡಿ, ಅದರ ಮೇಲೆ ಅಂಟಿಸಿದ್ದಳು ಜರಡಿ.

ತನಿಖಾಧಿಕಾರಿ ಬಗ್ಗಿ ಓದಿದರು. ತೆಳ್ಳಗಿನ ಮನುಷ್ಯ, ಮಾತು ಬೆಣ್ಣೆ, ನೋಟ ಸೂಜಿ.

"ಮನೆಯ ಹೆಸರು ಇದೇನು ಮೇಡಂ? ಆಆಆಆಆಆ ಅಂತ ಸಾಲು ತುಂಬ ಇದೆ?"

"ಸಂಗೀತಗಾರರ ಮನೆ ಇರಬೇಕು ಬಿಡಿ," ಎಂದರು ಉಳಿತಾಯ ಸಾಹೇಬರು.

"ಸಾಲಿನ ಕೊನೇಲಿ ನೋಡಿ ಸರ್," ಎಂದಳು ಜರಡಿ. "ಒಂದು ನಕ್ಷತ್ರ ಚಿಹ್ನೆ ಇದೆ. ಹಾಡಿನ ಕೊನೆಗೆ ಸೀನಿದ ಹಾಗೆ. ಅದೇ ನಮ್ಮ ಕಳ್ಳ ಇಟ್ಟ ಬಾಂಬು."

"ನಕ್ಷತ್ರ ಬಾಂಬಾ?"

"ಲೋ, ನಿನ್ನ ಜೇಬಿನಲ್ಲಿರೋ ನಟ್ಟು ಬೋಲ್ಟು ಎಲ್ಲ ಇಲ್ಲಿ ಸುರಿ," ಎಂದು ತಮ್ಮನಿಗೆ ಹೇಳಿದಳು. ತಮ್ಮನ ಜೇಬು ಚಿಕ್ಕಂದಿನಿಂದಲೂ ಗುಜರಿ ಅಂಗಡಿ. ಅವನು ಮೇಜಿನ ಮೇಲೆ ಸುರಿದ. ಜರಡಿ ನಟ್ಟುಗಳನ್ನು ಒಂದೇ ಸಾಲಿಗೆ ಜೋಡಿಸಿ, ಕೊನೆಯಲ್ಲೊಂದು ಬೋಲ್ಟ್ ಇಟ್ಟಳು.

"ನಟ್ಟು ಅಂದ್ರೆ 'ಆ' ಅಕ್ಷರ, ಬೋಲ್ಟು ಅಂದ್ರೆ ನಕ್ಷತ್ರ ಅಂದ್ಕೊಳ್ಳಿ. ನಮ್ಮ ಹಳೇ ಜರಡಿಗೆ ಹೇಳಿರೋದು ಏನು ಗೊತ್ತಾ? ನಟ್ಟುಗಳನ್ನ ಗುಂಪು ಮಾಡು, ಆಮೇಲೆ ಅಂಥ ಗುಂಪುಗಳ ಸಾಲು ಮಾಡು, ಸಾಲು ಪೂರ್ತಿ ನಟ್ಟೇ ಆಗಿದ್ರೆ ಸರಿ ಅನ್ನು. ಈಗ ಎರಡೇ ನಟ್ಟು ಇದ್ರೆ ಎಷ್ಟು ಥರ ಗುಂಪು ಮಾಡಬಹುದು?"

"ಒಟ್ಟಿಗೆ ಇಡಬಹುದು, ಬೇರೆ ಬೇರೆ ಇಡಬಹುದು. ಎರಡು ಥರ," ಎಂದರು ತನಿಖಾಧಿಕಾರಿ.

"ಮೂರಿದ್ರೆ ನಾಲ್ಕು ಥರ. ನಾಲ್ಕಿದ್ರೆ ಎಂಟು. ಒಂದು ನಟ್ಟು ಸೇರಿದ ಹಾಗೆಲ್ಲ ಲೆಕ್ಕ ದುಪ್ಪಟ್ಟು. ಕೊನೇಲಿರೋ ಬೋಲ್ಟ್ ನೋಡಿದ ಕೂಡಲೇ ನೀವಾದ್ರೆ ಇದು ಸರಿಯಿಲ್ಲ ಅಂದುಬಿಡ್ತೀರ. ಯಂತ್ರ ಹಾಗಲ್ಲ. ಓಹೋ, ನಾನು ಗುಂಪು ಮಾಡಿದ್ದೇ ತಪ್ಪೇನೋ ಅಂತ ಹಿಂದಕ್ಕೆ ಹೋಗಿ ಮತ್ತೆ ಗುಂಪು ಮಾಡುತ್ತೆ. ಮತ್ತೆ ಬೋಲ್ಟು, ಮತ್ತೆ ಹಿಂದಕ್ಕೆ. ಇಲ್ಲಿರೋ ಅಷ್ಟೂ 'ಆ' ಅಕ್ಷರಗಳನ್ನ ಗುಂಪು ಮಾಡಿ ಮುಗಿಸೋ ಹೊತ್ತಿಗೆ ನಮ್ಮ ಮೊಮ್ಮಕ್ಕಳಿಗೂ ಹಲ್ಲು ಬಿದ್ದಿರುತ್ತೆ. ಕಣ್ಣಿನಿಂದ ಉತ್ತರ ಬರಲ್ಲ, ಬೆಲ್ಟ್ ಕಾದು ಕಾದು ನಿಂತುಬಿಡುತ್ತೆ."

"ಅಂಥ ಪೆದ್ದು ಜರಡಿ ಬರೆದವರು ಯಾರು?" ಎಂದರು ತನಿಖಾಧಿಕಾರಿ.

ಮೂಲೆಯ ಕುರ್ಚಿಯಿಂದ ಒಂದು ಕೆಮ್ಮು ಬಂತು.

ಕೆಮ್ಮಿದವರು ಮೇಷ್ಟ್ರು. ಈ ಶೆಡ್ಡಿನ ಮೊದಲ ಪ್ರೋಗ್ರಾಂ ಬರೆದವರು, ಜರಡಿಗೆ ಈ ವಿದ್ಯೆ ಕಲಿಸಿದ ಗುರು. ಈಗ ವಾರಕ್ಕೊಮ್ಮೆ ಬಂದು ಆಸಕ್ತರಿಗೆಲ್ಲ ಪಾಠ ಹೇಳಿ ಹೋಗುತ್ತಾರೆ.

"ನಾನೇ ಬರೆದದ್ದು," ಎಂದರು ಮೇಷ್ಟ್ರು. "ಕಾಲ ಒಳ್ಳೇದಿತ್ತು, ಸರಿಯಾದ ವಿಳಾಸ ಬಂದಾಗಲೆಲ್ಲ ಅದು ಚಿಟಿಕೆ ಹೊಡೆಯೋದರಲ್ಲಿ ಉತ್ತರ ಕೊಡ್ತಿತ್ತು. ಕೆಟ್ಟ ವಿಳಾಸ ಕೊಟ್ಟು ನಾನು ನೋಡಲೇ ಇಲ್ಲ ಕಣಮ್ಮ."

"ಅಂದರೆ ಇದರ ಗುಟ್ಟು ಗೊತ್ತಿದ್ದವರು ನೀವೊಬ್ಬರೇ?" ತನಿಖಾಧಿಕಾರಿಯ ನೋಟ ಮೇಷ್ಟ್ರ ಮೇಲೆ ನೆಟ್ಟಿತು.

"ಒಬ್ಬನೇ ಎಲ್ಲಿ ಬಂತು? ಪಾಠದಲ್ಲಿ ಪ್ರತಿಸಲವೂ ಅದನ್ನ ಬೋರ್ಡ್ ಮೇಲೆ ಬರೀತಿದ್ದೆ. ಎಷ್ಟು ಚೆನ್ನಾಗಿದೆ ನೋಡಿ ಅಂತ! ಪಾಠಕ್ಕೆ ಅರ್ಧ ಶೆಡ್ಡೇ ಬರುತ್ತೆ. ಸಾಹೇಬರೂ ಬಂದಿದ್ರು."

"ಪುಕ್ಕಟೆ ಅಂತ ಹೋಗಿದ್ದೆ ಅಷ್ಟೆ, ನನಗೆ ಒಂದಕ್ಷರ ತಲೆಗೆ ಹೋಗಲಿಲ್ಲ," ಎಂದು ಉಳಿತಾಯ ಸಾಹೇಬರು ಗಾಬರಿಯಿಂದ ಹೇಳಿದರು. ಯಾರೂ ಕೇಳದೆಯೇ ಅವರು ಟೈ ಸಡಿಲ ಮಾಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಗಾದೆ ಜರಡಿಗೆ ನೆನಪಾಗಿ, ಅದನ್ನು ಮನಸ್ಸಿನಲ್ಲೇ ಒಂದು ಕಡೆ ಎತ್ತಿಟ್ಟಳು.

ಎರಡನೇ ಕಳವಿನ ವಿಳಾಸ ಹಚ್ಚಿದ ಡಬ್ಬವೂ ಬೆಲ್ಟಿಗೆ ಏರಿತು. ಅದರಲ್ಲಿ ಆಆಆ ಬದಲು ಓಓಓ. ಕೊನೆಗೆ ಅದೇ ನಕ್ಷತ್ರ. ಕಣ್ಣಿನ ಕೆಳಗೆ ಬಂದದ್ದೇ ತಡ, ಬೆಲ್ಟ್ ನಿಂತಿತು, ದೀಪ ಹೋಯಿತು. ಈ ಸಲ ಬೆಲ್ಟಿನ ಕೆಲಸಗಾರರೂ ಚಪ್ಪಾಳೆಗೆ ಸೇರಿಕೊಂಡರು. ಯಾರೋ ಶಿಳ್ಳೆ ಹೊಡೆದರು. ತಮ್ಮ ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲೆ ದೀಪ ಬಂತು. ಎರಡೂ ಸಲ ಕಳುವಾದದ್ದು ಇಂಥ ಡಬ್ಬದ ಹಿಂದೆಯೇ ಬರುತ್ತಿದ್ದ ಕ್ಯಾಮೆರಾ ಲೆನ್ಸಿನ ಪೆಟ್ಟಿಗೆ. ಯಾರೋ ಬೇಕೆಂದೇ ಈ ಹುಸಿ ಪಾರ್ಸೆಲ್ಲನ್ನು ಅದರ ಮುಂದೆ ಕಳಿಸಿ, ಕತ್ತಲೆ ಮಾಡಿಸಿ, ಹಿಂದಿನದನ್ನು ಎತ್ತಿದ್ದಾರೆ.

"ಇದರಿಂದ ಇವತ್ತು ನಿಂತಿತು, ಸರಿ," ಎಂದರು ತನಿಖಾಧಿಕಾರಿ. "ಅವತ್ತೂ ಇದರಿಂದಲೇ ನಿಂತಿತು ಅಂತ ಹೇಗೆ ಹೇಳ್ತೀರ? ಯಂತ್ರ ಅಂದಮೇಲೆ ಒಂದೊಂದು ದಿನ ಒಂದೊಂದು ಥರ."

ಜರಡಿ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ.

"ಬೇರೆ ಭಾಷೇಲಿ ಬರೆದಿದ್ರೆ ನಿಮ್ಮ ಮಾತು ಒಪ್ಪಿಕೊಳ್ತಿದ್ದೆ ಸರ್. ಇದು ಫಂಕ್ಷನಲ್ ಭಾಷೆ. ಇಲ್ಲಿ ವಿಳಾಸ ಓದೋ ಫಂಕ್ಷನ್‌ಗೆ ನೆನ್ನೆಯ ನೆನಪಿಲ್ಲ, ಇವತ್ತಿನ ಮೂಡ್ ಇಲ್ಲ. ಹೊರಗಡೆ ಏನನ್ನೂ ನೋಡಲ್ಲ, ಮುಟ್ಟಲ್ಲ. ನೀವು ಕೈಗೆ ಏನು ಕೊಡ್ತೀರೋ ಅದಕ್ಕೆ ಮಾತ್ರ ಉತ್ತರ. ಅದೇ ಕೊಟ್ರೆ ಅದೇ ಬರುತ್ತೆ. ನೂರು ವರ್ಷ ಬಿಟ್ಟು ಕೊಟ್ರೂ ಅದೇ. ಇಷ್ಟು ಪ್ರಾಮಾಣಿಕ ಸಾಕ್ಷಿ ನಿಮಗೆ ಕೋರ್ಟಿನಲ್ಲೂ ಸಿಗಲ್ಲ."

"ಅದೇ ಕೊಟ್ರೆ ಅದೇ," ಎಂದು ತನಿಖಾಧಿಕಾರಿ ಮೆಲ್ಲಗೆ ಹೇಳಿಕೊಂಡರು.

ತಮ್ಮ ಮಾತ್ರ ನಗುತ್ತಿರಲಿಲ್ಲ. ಅವನು ಒಂದು ನಟ್ಟನ್ನು ಬೆರಳಿಗೆ ತೊಡಿಸಿ ತೆಗೆಯುತ್ತ ಕುಳಿತಿದ್ದ.

"ಯಾಕೋ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ? ಗೆದ್ದೆವು ಕಣೋ!"

"ಎರಡು ಸಾಕಲ್ವಾ ಅಕ್ಕ? ಎಲ್ಲರಿಗೂ ಕೆಲಸ ಇದೆ," ಎಂದ ತಮ್ಮ.

"ಹೌದ್ಹೌದು, ಕೆಲಸ ಇದೆ," ಎಂದು ಮೇಷ್ಟ್ರು ತೋಳೇರಿಸಿ ಎದ್ದರು. "ನನ್ನ ತಪ್ಪನ್ನ ನಾನೇ ತಿದ್ದಬೇಕು. ಹೊಸ ಜರಡಿ ಎಲ್ಲಿದೆ, ಕೊಡು ಇಲ್ಲಿ."

ಬೆಳಿಗ್ಗೆಯೇ ಜರಡಿ ಅದರ ತುಂಡುಗಳನ್ನು ಸಿದ್ಧಮಾಡಿಟ್ಟಿದ್ದಳು. ಹಳೆಯದು ಉದ್ದಕ್ಕೂ ಚಿಹ್ನೆಗಳ ಗಂಟು. ಎರಡು ಉದ್ಧರಣ ಚಿಹ್ನೆಗಳ ನಡುವೆ ಏನು ಗೀಚಿದ್ದರೂ ಕಂಪೈಲರ್ ಅದನ್ನು ಬರೀ ಪಠ್ಯವೆಂದು ಒಳಗೆ ಬಿಡುತ್ತಿತ್ತು. ಬರೆದದ್ದನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ತಪ್ಪು ಹಿಡಿಯಬೇಕಾದ ಪರೀಕ್ಷಕನೇ ಹೀಗೆ ಕಣ್ಣು ಮುಚ್ಚಿಕೊಂಡರೆ ಏನು ಗತಿ? ಹೊಸದರಲ್ಲಿ ಗಂಟಿಲ್ಲ. ಮನೆ ಸಂಖ್ಯೆ ಒಂದು ತುಂಡು, ಬೀದಿ ಒಂದು ತುಂಡು, ಊರು ಒಂದು ತುಂಡು. ಪ್ರತಿಯೊಂದಕ್ಕೂ ತನ್ನ ಜಾತಕ ಇದೆ, ಯಾವುದರ ಜೊತೆ ಯಾವುದು ಕೂಡಬಹುದು ಎನ್ನುವುದನ್ನು ಕಂಪೈಲರೇ ನೋಡುತ್ತದೆ. ಒಮ್ಮೆ ದಾಟಿದ ಅಕ್ಷರಕ್ಕೆ ಯಂತ್ರ ಮತ್ತೆ ಹಿಂದಿರುಗುವ ಹಾಗಿಲ್ಲ.

ಮೇಷ್ಟ್ರು ಕೀಲಿಮಣೆಯ ಮುಂದೆ ಕುಳಿತು, ಉತ್ಸಾಹದಿಂದ ಬೆರಳಾಡಿಸಿದರು. ಪರದೆ ಕೆಂಪಾಯಿತು.

"ಏನಮ್ಮ ಇದು, ಬಯ್ಯುತ್ತೆ?"

ಜರಡಿ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮತ್ತೆ ಅದೇ ಮಾಡಿದ್ರಿ ಮೇಷ್ಟ್ರೇ! ಗುಂಪಿನೊಳಗೆ ಗುಂಪು! ಪುನರಾವರ್ತನೆಯೊಳಗೆ ಪುನರಾವರ್ತನೆ ಇಟ್ರೆ ಒಳಗೆ ಬಿಡಲ್ಲ ಅಂತಿದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡಿ."

"ಪರವಾಗಿಲ್ವೇ!" ಮೇಷ್ಟ್ರು ಸೋತದ್ದಕ್ಕೆ ಮಗುವಿನ ಹಾಗೆ ಖುಷಿಪಟ್ಟರು. "ನನ್ನನ್ನೇ ಹಿಡಿದುಬಿಡ್ತಲ್ಲ!"

ತಿದ್ದಿದರು. ಮತ್ತೆ ಕೆಂಪು.

"ಈಗೇನು ದಾಡಿ ಇದಕ್ಕೆ?"

"ವಿಳಾಸ ಸಿಕ್ಕಿತು ಅಂದ್ರೆ ಏನು ಮಾಡಬೇಕು ಅಂತ ಹೇಳಿದ್ರಿ. ಸಿಗದಿದ್ರೆ? ಅದನ್ನ ಹೇಳೋ ತನಕ ಬಿಡಲ್ಲ. ಉತ್ತರ ಯಾವಾಗಲೂ ಎರಡರಲ್ಲಿ ಒಂದು, ಸಿಕ್ಕಿತು ಇಲ್ಲಾ ಸಿಗಲಿಲ್ಲ. ಎರಡಕ್ಕೂ ದಾರಿ ತೋರಿಸಬೇಕು."

"ಸಿಗದಿದ್ರೆ ಪಕ್ಕದ ಗೂಡಿಗೆ ತಳ್ಳಲಿ, ಯಾರಾದ್ರೂ ಕಣ್ಣಿಂದ ಓದ್ತಾರೆ," ಎಂದು ಮೇಷ್ಟ್ರು ಅದನ್ನೂ ಬರೆದರು. ಪರದೆ ಹಸಿರಾಯಿತು. ಅಷ್ಟು ಸಣ್ಣ ಹಸಿರಿಗೆ ಗುರು ಶಿಷ್ಯೆ ಇಬ್ಬರೂ ಕೈ ಕೈ ತಟ್ಟಿಕೊಂಡ ರೀತಿ ನೋಡಿ, ಉಳಿತಾಯ ಸಾಹೇಬರಿಗೂ ಏನೋ ಲಾಭವಾಗಿರಬೇಕೆಂದು ನಗು ಬಂತು.

ಆಆಆ ಡಬ್ಬ ಮತ್ತೆ ಬೆಲ್ಟಿಗೆ ಏರಿತು. ಡಬ್ಬ ಕಣ್ಣಿನ ಕೆಳಗೆ ಬಂತು, ನಿಲ್ಲಲಿಲ್ಲ, ಬೆಣ್ಣೆಯ ಮೇಲೆ ಜಾರಿದ ಹಾಗೆ ಸಾಗಿ ಪಕ್ಕದ ಗೂಡಿಗೆ ದೊಪ್ಪೆಂದು ಬಿತ್ತು. ದೀಪ ಮಿಣುಕಲೂ ಇಲ್ಲ. ಶೆಡ್ಡು ಹೋ ಎಂದು ಕೂಗಿತು. ಬೆಲ್ಟಿನ ಹಿರಿಯನೊಬ್ಬ ಜರಡಿಯ ತಮ್ಮನ ಬೆನ್ನು ತಟ್ಟಿ, "ನಿನ್ನ ಅನುಮಾನಿಸಿದ್ವಲ್ಲೋ, ತಪ್ಪಾಯ್ತು," ಎಂದ. ಜರಡಿಗೆ ಕಣ್ಣು ತುಂಬಿ ಬಂತು. ಅಪ್ಪ ಹೋದಾಗಿನಿಂದ ಅವಳೇ ಬೆಳೆಸಿದ ಹುಡುಗ ಅವನು. ಅವನು ಕಳ್ಳನಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಈಗ ಊರಿಗೂ ಗೊತ್ತಾಯಿತು.

"ಚೆನ್ನಾಗಿದೆ," ಎಂದರು ತನಿಖಾಧಿಕಾರಿ. "ಬಹಳ ಚೆನ್ನಾಗಿದೆ. ಮೂರನೇದು?"

"ಅದೂ ಇದೇ ಥರ ಇರುತ್ತೆ ಸರ್."

"ಇರುತ್ತೆ ಅಂದ್ರೆ ಹೇಗೆ ಮೇಡಂ? ನೋಡಿಬಿಡೋಣ. ಮೊದಲೆರಡು ಸಲ ಕಣ್ಣಿನ ಕೆಳಗಿದ್ದ ಡಬ್ಬ ಅಲ್ಲೇ ಇತ್ತು, ಹಿಂದಿನದು ಹೋಗಿತ್ತು. ಮೂರನೇ ಸಲ ಕಣ್ಣಿನ ಕೆಳಗಿದ್ದದ್ದೇ ಹೋಗಿದೆ. ನನಗೆ ಮೊದಲಿನಿಂದಲೂ ಅದೊಂದು ಚುಚ್ತಾ ಇದೆ."

ಜರಡಿಗೆ ಈ ವ್ಯತ್ಯಾಸ ಗೊತ್ತೇ ಇರಲಿಲ್ಲ. ಗೊತ್ತಿದ್ದವನು ತಮ್ಮ. ಅವನು ಹೇಳಿರಲಿಲ್ಲ.

"ಹಳೇ ಜರಡಿ ಹಾಕಿ, ಆ ವಿಳಾಸ ಹಚ್ಚಿ," ಎಂದರು ತನಿಖಾಧಿಕಾರಿ.

"ಸಾಹೇಬ್ರೇ, ಕತ್ತಲಾಗ್ತಾ ಬಂತು, ಕರೆಂಟು ಸುಮ್ಮನೆ..." ಎಂದು ಉಳಿತಾಯ ಸಾಹೇಬರು ಶುರುಮಾಡಿದರು.

"ಹಾಕಿ."

ಯಂತ್ರದ ದಾಖಲೆಯಿಂದ ಜರಡಿ ಮೂರನೇ ವಿಳಾಸ ತೆಗೆದಳು. ಅದರಲ್ಲಿ ಹಾಡಿರಲಿಲ್ಲ, ನಕ್ಷತ್ರವಿರಲಿಲ್ಲ. ಮನೆ ಸಂಖ್ಯೆ, ಬೀದಿ, ಊರು. ಯಾರ ಮನೆಗೂ ಬರಬಹುದಾದ ಸಾದಾ ಸೀದಾ ವಿಳಾಸ. ಆದರೂ ಅಂಟಿಸಿದಳು. ಹಳೆಯ ಜರಡಿಯಲ್ಲಿ ತನಗೆ ತಿಳಿಯದ ಇನ್ನೊಂದು ಹುಳುಕು ಇರಲಿ ದೇವರೇ ಎಂದು ಬೇಡಿಕೊಂಡಳು. ತಪ್ಪು ಇರಲಿ ಎಂದು ಅವಳು ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

ಡಬ್ಬ ಕಣ್ಣಿನ ಕೆಳಗೆ ಬಂತು. ಹಾಯಾಗಿ ದಾಟಿ ತನ್ನ ಊರಿನ ಗೂಡಿಗೆ ಬಿತ್ತು.

"ಇನ್ನೊಂದು ಸಲ," ಎಂದಳು ಜರಡಿ.

ಇನ್ನೊಂದು ಸಲವೂ ಅಷ್ಟೇ.

"ಮಣ್ಣೋ ಧೂಳೋ ಇದ್ದಿರಬಹುದು ಅವತ್ತು..." ಎಂದು ಮೇಷ್ಟ್ರು ಬಾಯಿ ತೆರೆದರು.

"ಫಂಕ್ಷನ್‌ಗೆ ಧೂಳು ಕಾಣಲ್ಲ ಮೇಷ್ಟ್ರೇ," ಎಂದರು ತನಿಖಾಧಿಕಾರಿ. "ಈ ವಿಳಾಸವನ್ನ ಯಂತ್ರ ಅವತ್ತು ಅಕ್ಷರ ಬಿಡದೆ ಓದಿ ದಾಖಲಿಸಿಕೊಂಡಿದೆ. ಮೇಡಂ ಅವರೇ ಹೇಳಿದ್ರಲ್ಲ, ಇಷ್ಟು ಪ್ರಾಮಾಣಿಕ ಸಾಕ್ಷಿ ಕೋರ್ಟಿನಲ್ಲೂ ಸಿಗಲ್ಲ ಅಂತ. ಅವತ್ತು ಬೆಲ್ಟ್ ನಿಲ್ಲಿಸಿದ್ದು ವಿಳಾಸ ಅಲ್ಲ. ಒಂದು ಕೈ."

ಜರಡಿ ವಾದಿಸಬೇಕೆಂದು ನೋಡಿದಳು. ತಾನೇ ಹೆಣೆದ ಬಲೆ, ಎಲ್ಲೂ ಒಂದು ಕಣ್ಣು ಸಡಿಲವಿಲ್ಲ. ಅವಳು ತಮ್ಮನ ಕಡೆ ತಿರುಗಿದಳು. ಅವನು ಬೆರಳಿನ ನಟ್ಟನ್ನು ತೆಗೆದು ಮೇಜಿನ ಮೇಲಿಟ್ಟು ಎದ್ದು ನಿಂತ.

"ಮೊದಲ ಎರಡು ನನಗೆ ಗೊತ್ತಿಲ್ಲ ಅಕ್ಕ, ನಿನ್ನಾಣೆ. ಮೂರನೇದು ನಾನೇ ಒತ್ತಿದ್ದು."

"ಯಾಕೋ?" ಎಂದಳು ಜರಡಿ. "ಆ ಪೆಟ್ಟಿಗೇಲಿ ಏನಿತ್ತೋ ಅಂಥದ್ದು?"

"ಗೋಡೆ ಗಡಿಯಾರ," ಎಂದರು ತನಿಖಾಧಿಕಾರಿ. "ನಮ್ಮ ಕಂಪನಿಯಲ್ಲಿ ಭಾರಿ ವಿಮೆ ಮಾಡಿಸಿರೋ ಹಳೇ ಗಡಿಯಾರ."

"ಗಡಿಯಾರ ಅಲ್ಲ ಸರ್," ಎಂದ ತಮ್ಮ. "ಗಡಿಯಾರ ಉಸಿರಾಡಲ್ಲ."

ಉಳಿತಾಯ ಸಾಹೇಬರ ಕೈಯಲ್ಲಿದ್ದ ನೀರಿನ ಲೋಟ ಕೆಳಗೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

"ನನ್ನ ಪಕ್ಕದಲ್ಲೇ ಹಾದು ಹೋಯ್ತು. ಒಳಗಿಂದ ಯಾರೋ ಉಸಿರಾಡಿದ್ದು ಕೇಳಿಸ್ತು. ಕೈ ತಾನಾಗೇ ಗುಂಡಿ ಮೇಲೆ ಹೋಯ್ತು. ಕಳಿಸಿದವರಿಗೆ ವಾಪಸ್ ಕೊಡೋಕೆ ಮನಸ್ಸು ಬರಲಿಲ್ಲ. ಇಲ್ಲಿ ಯಾರನ್ನ ನಂಬೋದು ಅಂತಲೂ ಗೊತ್ತಾಗಲಿಲ್ಲ."

"ಆ ಪೆಟ್ಟಿಗೆ ಈಗ ಎಲ್ಲಿದೆ?" ತನಿಖಾಧಿಕಾರಿಯ ದನಿಯಲ್ಲಿ ಬೆಣ್ಣೆ ಉಳಿದಿರಲಿಲ್ಲ.

ತಮ್ಮ ಅಕ್ಕನನ್ನೇ ನೋಡಿದ. "ನಿಮ್ಮನೇ ಅಟ್ಟದಲ್ಲಿ. ಭಾವ ನೋಡ್ಕೊಳ್ತಿದ್ದಾರೆ."

ಭಾವ ಎಂದರೆ ತನ್ನ ಗಂಡ ಎನ್ನುವುದು ಜರಡಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು. ಉಪ್ಪಿನ ಡಬ್ಬ ಯಾವ ಗೂಡಿನಲ್ಲಿದೆ ಎಂದು ಇಂದಿಗೂ ಕೂಗಿ ಕೇಳುವ ಮನುಷ್ಯ. ಒಂದು ಗುಟ್ಟನ್ನು ಊಟದ ತನಕ ಬಾಯಲ್ಲಿ ಇಟ್ಟುಕೊಳ್ಳಲಾರದವನು ಇಷ್ಟು ದಿನ ಅವಳ ತಲೆಯ ಮೇಲಿನ ಅಟ್ಟದಲ್ಲಿ!

"ಫೋನ್ ಮಾಡಿ," ಎಂದರು ತನಿಖಾಧಿಕಾರಿ. "ಎಲ್ಲರಿಗೂ ಕೇಳಿಸಲಿ."

ಜರಡಿ ಸ್ಪೀಕರ್ ಹಾಕಿ ಕರೆ ಮಾಡಿದಳು. ಬಹಳ ಹೊತ್ತು ರಿಂಗಾದ ಮೇಲೆ ಗಂಡ ಎತ್ತಿಕೊಂಡ.

"ರೀ, ಅಟ್ಟದಲ್ಲಿ ಏನಿದೆ?"

ಆ ಕಡೆಯಿಂದ ಪಿಸುಮಾತಿನಲ್ಲಿ ಉತ್ತರ ಬಂತು.

"ಶ್! ಮೆಲ್ಲಗೆ ಮಾತಾಡು ಮಾರಾಯ್ತಿ. ಪಾಪು ಹಾಲು ಕುಡಿದು ಈಗಷ್ಟೇ ಮಲಗಿದೆ."